ಸ್ವಿಚ್ ಹಾಕುವ ಮುಂಚೆ

ಅಟ್ಟದ ಮೇಲೆ ಮೂವತ್ತು ವರ್ಷ ಮಲಗಿದ್ದ ಕಂಪ್ಯೂಟರ್ ಕೈಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಧೂಳು ಒರೆಸಿದ ಕೂಡಲೇ ಬರುವ ಆಸೆ ಒಂದೇ. ಪ್ಲಗ್ ಹಾಕಿ ಸ್ವಿಚ್ ಒತ್ತಿ ನೋಡೋಣ, ಓಡುತ್ತಾ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ವರ್ಷ ಸುಮ್ನೆ ಕೂತು ಹಾಳಾಗದೆ ಉಳಿದದ್ದು ಆ ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು.

ನಾನು ಇಲ್ಲಿ ಹೆಚ್ಚಾಗಿ ಕಮೋಡೋರ್ 64 ಬಗ್ಗೆ ಹೇಳುತ್ತೇನೆ. 1982ರಲ್ಲಿ ಬಂದ ಮನೆ ಕಂಪ್ಯೂಟರ್ ಅದು. 64 ಕಿಲೋಬೈಟ್ ಮೆಮೊರಿ, ಸುಮಾರು 1 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 16 ಬಣ್ಣ, ಮೂರು ದನಿಯ ಸೌಂಡ್ ಚಿಪ್. ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. 1994ರಲ್ಲಿ ಕಂಪನಿ ಮುಚ್ಚಿತು, ಆದರೆ ಯಂತ್ರಗಳು ಇನ್ನೂ ಇವೆ. ಈಗಲೂ ಅವುಗಳ ಮೇಲೆ ಜನ ಆಟ ಆಡುತ್ತಾರೆ, ಹೊಸ ಆಟ ಬರೆಯುತ್ತಾರೆ.

ಹಳೆ ಕಂಪ್ಯೂಟರ್ ಕೆಡುವುದು ಹೇಗೆ ಅಂತ ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಸಿಲಿಕಾನ್ ಅಷ್ಟು ಸುಲಭಕ್ಕೆ ಮುದಿಯಾಗುವುದಿಲ್ಲ. ಬಿಸಿ ಮತ್ತು ತಪ್ಪು ವೋಲ್ಟೇಜ್‌ನಿಂದ ಕಾಪಾಡಿದರೆ ಚಿಪ್ ಬಹಳ ವರ್ಷ ಬಾಳುತ್ತದೆ. ಕೆಡುವುದು ಜಾಸ್ತಿ ಅದರ ಸುತ್ತ ಇರುವ ವಸ್ತುಗಳು. ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪ್ಯಾಸಿಟರ್ ಒಳಗಿನ ದ್ರವ, ಬ್ಯಾಟರಿಯ ಕ್ಷಾರ, ಟೇಪ್ ಎಳೆಯುವ ರಬ್ಬರ್ ಬೆಲ್ಟು, ಹೊರಗಿನ ಪ್ಲಾಸ್ಟಿಕ್ಕು. ಇದು ರಸಾಯನದ ಕೆಲಸ. ಸ್ವಿಚ್ ಆಫ್ ಆಗಿದ್ದರೂ ಅದು ನಿಲ್ಲುವುದಿಲ್ಲ.

ಮೊದಲು ಪವರ್ ಸಪ್ಲೈ. ಕಮೋಡೋರ್ 64ಕ್ಕೆ ಇಟ್ಟಿಗೆಯಂಥ ಒಂದು ಕಪ್ಪು ಡಬ್ಬಿ ಬರುತ್ತಿತ್ತು. ಅದರಿಂದ ಎರಡು ಬಗೆಯ ಕರೆಂಟು ಹೊರಬರುತ್ತದೆ: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ಡಬ್ಬಿಯ ಒಳಗೆ ಎಪಾಕ್ಸಿ ಸುರಿದು ಗಟ್ಟಿ ಮಾಡಿರುವುದರಿಂದ ಬಿಸಿ ಹೊರಗೆ ಹೋಗಲು ದಾರಿ ಕಡಿಮೆ. ಕಾಲ ಕಳೆದಂತೆ, ವೋಲ್ಟೇಜನ್ನು ಹದದಲ್ಲಿಡುವ ಒಳಗಿನ ರೆಗ್ಯುಲೇಟರ್ ಸೋಲುತ್ತದೆ. ಸೋತಾಗ ಅದು ಸತ್ತು ಸುಮ್ಮನಾದರೆ ಚಿಂತೆ ಇರಲಿಲ್ಲ. ಬದಲಿಗೆ 5 ವೋಲ್ಟ್ ಇರಬೇಕಾದಲ್ಲಿ 6, 7, ಇನ್ನೂ ಜಾಸ್ತಿ ಕೊಡಲು ಶುರು ಮಾಡುತ್ತದೆ. ಆ ಕರೆಂಟು ಯಾವ ತಡೆಯೂ ಇಲ್ಲದೆ ನೇರ ಮೆಮೊರಿ ಚಿಪ್‌ಗಳಿಗೆ ಹೋಗುತ್ತದೆ. ಮೆಮೊರಿ ಚಿಪ್‌ಗೆ 5.25ಕ್ಕಿಂತ ಮೇಲೆ ಹೋಗುವುದು ಒಳ್ಳೆಯದಲ್ಲ.

ಮಲ್ಟಿಮೀಟರ್ ಹಿಡಿದು ಅಳೆದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ತಣ್ಣಗಿರುವಾಗ ಸರಿಯಾಗಿ 5.1 ತೋರಿಸುವ ಡಬ್ಬಿ, ಅರ್ಧ ಗಂಟೆ ಆಟ ಆಡಿ ಬಿಸಿಯಾದ ಮೇಲೆ ಕೈಕೊಡಬಹುದು. ಆದ್ದರಿಂದ ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಹಳೆ ಡಬ್ಬಿಯನ್ನು ನೆನಪಿಗೆ ಇಟ್ಟುಕೊಳ್ಳಿ, ಹೊಸ ಸಪ್ಲೈ ಹಾಕಿ. ಉಳಿದ ಯಾವ ಅಪ್‌ಗ್ರೇಡ್ ಬಿಟ್ಟರೂ ಇದನ್ನು ಬಿಡಬೇಡಿ.

ಪವರ್ ಸಪ್ಲೈ ಯಂತ್ರದ ಒಳಗೇ ಇರುವ ಕೆಲವು ಹಳೆ ಕಂಪ್ಯೂಟರ್‌ಗಳಲ್ಲಿ ಇನ್ನೊಂದು ತೊಂದರೆ ಇದೆ. ಮನೆಯ ಕರೆಂಟು ಒಳಬರುವ ಜಾಗದಲ್ಲಿ ಕಾಗದದ ಪದರಗಳಿಂದ ಮಾಡಿದ ಕೆಪ್ಯಾಸಿಟರ್ ಇರುತ್ತದೆ. ಅದರ ಪಾರದರ್ಶಕ ಹೊದಿಕೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿರುಕಿನಿಂದ ಗಾಳಿಯ ತೇವ ಒಳಗೆ ಹೋಗಿ ಕಾಗದ ಹೀರಿಕೊಳ್ಳುತ್ತದೆ. ಸ್ವಿಚ್ ಹಾಕಿದರೆ ಕೆಲವೇ ನಿಮಿಷದಲ್ಲಿ ದಟ್ಟ ಹೊಗೆ. ಬಿರುಕು ಕಂಡರೆ ಮೊದಲು ಅದನ್ನು ಬದಲಿಸಿ. ಮನೆ ಕರೆಂಟು ಹರಿಯುವ ಭಾಗವನ್ನು ಅನುಭವ ಇಲ್ಲದಿದ್ದರೆ ಮುಟ್ಟಲೇಬೇಡಿ. ಪ್ಲಗ್ ಕಿತ್ತ ಮೇಲೂ ಅಲ್ಲಿ ಕರೆಂಟು ಉಳಿದಿರುತ್ತದೆ.

ಇನ್ನು ಸೋರುವ ಕೆಪ್ಯಾಸಿಟರ್‌ಗಳು. ಇವುಗಳ ಒಳಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ, ಅದರ ನಡುವೆ ಒದ್ದೆಯಾದ ಕಾಗದ ಇರುತ್ತದೆ. ತಳದ ರಬ್ಬರ್ ಮುಚ್ಚಳ ಒಣಗಿದಂತೆ ಒಳಗಿನ ದ್ರವ ಹೊರಬರುತ್ತದೆ. ಕಮೋಡೋರ್ ಕಂಪನಿಯದೇ ಆದ 1992ರ ಅಮಿಗಾ 600 ಮತ್ತು ಅಮಿಗಾ 1200 ಕಂಪ್ಯೂಟರ್‌ಗಳಲ್ಲಿ ಇದು ಹೆಚ್ಚು. ಬೋರ್ಡಿನ ಮೇಲೆ ಅಂಟಿ ಕೂತ ಪುಟ್ಟ ಕೆಪ್ಯಾಸಿಟರ್‌ಗಳ ಸುತ್ತ ಬೆಸುಗೆ ಹೊಳಪು ಕಳೆದುಕೊಂಡು ಮಂಕಾಗಿರುತ್ತದೆ. ಅದೇ ಗುರುತು. ಕಾದ ಸೋಲ್ಡರಿಂಗ್ ಕಡ್ಡಿ ತಾಗಿಸಿದ ಕೂಡಲೇ ಮೀನಿನ ವಾಸನೆ ಬರುತ್ತದೆ. ಮೊದಲ ಸಲ ಆ ವಾಸನೆ ಬಂದಾಗ ನಾನು ಕಡ್ಡಿ ಕೆಳಗಿಟ್ಟು ಕೋಣೆಯೆಲ್ಲಾ ಹುಡುಕಿದ್ದೆ. ಬರುತ್ತಿದ್ದದ್ದು ಬೋರ್ಡಿನಿಂದಲೇ. ಸೋರಿದ ದ್ರವದಲ್ಲಿರುವ ಅಮೋನಿಯಂ ಜಾತಿಯ ಲವಣಗಳು ಬಿಸಿಗೆ ಒಡೆದು ಆ ವಾಸನೆ ಬರುತ್ತದೆ. ಕಿಟಕಿ ತೆಗೆದಿಟ್ಟುಕೊಂಡೇ ಈ ಕೆಲಸ ಮಾಡಿ.

ಬ್ಯಾಟರಿ ಸೋರಿದರೆ ಕತೆ ಇನ್ನೂ ಕೆಟ್ಟದ್ದು. ಅಮಿಗಾ 500 ಪ್ಲಸ್, ಅಮಿಗಾ 2000 ಇಂಥವುಗಳಲ್ಲಿ ಗಡಿಯಾರ ನಡೆಸಲು ಒಂದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಬೋರ್ಡಿಗೇ ಬೆಸೆದಿರುತ್ತದೆ. ಅದರಿಂದ ಹೊರಬರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. ಹಸಿರು ಕಿಲುಬು ಹಿಡಿದಿರುತ್ತದೆ. ಬ್ಯಾಟರಿ ಕತ್ತರಿಸಿ ತೆಗೆದು, ವಿನೆಗರ್ ಹಚ್ಚಿ ಕ್ಷಾರವನ್ನು ತಣಿಸಬೇಕು. ಆಮೇಲೆ ನೀರು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಕಮೋಡೋರ್ 64ರಲ್ಲಿ ಬ್ಯಾಟರಿಯೇ ಇಲ್ಲ. ಅದು ಇಷ್ಟು ವರ್ಷ ಉಳಿದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಸಪ್ಲೈ ಸರಿ ಇದೆ, ಬೋರ್ಡ್ ಸ್ವಚ್ಛವಾಗಿದೆ. ಈಗ ಸ್ವಿಚ್ ಹಾಕಿದಿರಿ. ನೀಲಿ ತೆರೆ ಬಂದು '38911 ಬೇಸಿಕ್ ಬೈಟ್ಸ್ ಫ್ರೀ' ಎಂಬ ಸಾಲು ಕಂಡರೆ ಹಬ್ಬ. ಬರೀ ಕಪ್ಪು ತೆರೆ ಬಂದರೆ ಪತ್ತೇದಾರಿ ಕೆಲಸ ಶುರು. ಮೆಮೊರಿ ಹೋಗಿರಬಹುದು. ಯಾವ ವಿಳಾಸಕ್ಕೆ ಯಾವ ಚಿಪ್ ಉತ್ತರಿಸಬೇಕು ಅಂತ ನಿರ್ಧರಿಸುವ ಪಿಎಲ್ಎ ಚಿಪ್ ಹೋಗಿರಬಹುದು, ಅದು ಬಿಸಿಯಾಗಿ ಕೆಡುವುದರಲ್ಲಿ ಮುಂದು. ಪ್ರೊಸೆಸರ್ರೇ ಹೋಗಿರಬಹುದು. ಎಲ್ಲದಕ್ಕೂ ಅದೇ ಕಪ್ಪು ತೆರೆ.

ಇಲ್ಲಿ ಯಂತ್ರಕ್ಕೆ ಸಿಕ್ಕಿಸುವ ಒಂದು ಪರೀಕ್ಷಾ ಕಾರ್ಟ್ರಿಜ್ ನೆರವಿಗೆ ಬರುತ್ತದೆ. ಯಂತ್ರದ ಸ್ವಂತ ಮೆಮೊರಿಯನ್ನು ನಂಬದೆಯೇ ಅದು ಓಡುತ್ತದೆ. ಹಳೆ ಬೋರ್ಡುಗಳಲ್ಲಿ ಎಂಟು ಮೆಮೊರಿ ಚಿಪ್ ಇರುತ್ತವೆ. ಪ್ರತಿ ಬೈಟಿನ ಎಂಟು ಬಿಟ್‌ಗಳಲ್ಲಿ ಒಂದೊಂದು ಚಿಪ್ ಒಂದೊಂದನ್ನು ಇಟ್ಟುಕೊಳ್ಳುತ್ತದೆ. ಎಂಟು ಜನ ಸೇರಿ ಒಂದು ಪಲ್ಲಕ್ಕಿ ಹೊತ್ತ ಹಾಗೆ. ಒಬ್ಬ ಕುಸಿದರೆ 65,536 ಬೈಟ್‌ಗಳಲ್ಲಿ ಒಂದೂ ನೆಟ್ಟಗಿರುವುದಿಲ್ಲ. ಕಾರ್ಟ್ರಿಜ್ ಪ್ರತಿ ಬಿಟ್ಟನ್ನೂ ಬರೆದು ಓದಿ ನೋಡಿ, ತೆರೆಯನ್ನು ಮಿನುಗಿಸುತ್ತದೆ. ಎಷ್ಟು ಸಲ ಮಿನುಗಿತು ಎಂಬುದರಿಂದ ಕೆಟ್ಟ ಚಿಪ್ ಯಾವುದು ಅಂತ ತಿಳಿಯುತ್ತದೆ. ಸತ್ತಂತೆ ಕಾಣುವ ಯಂತ್ರ ತನ್ನ ನೋವು ಎಲ್ಲಿ ಅಂತ ಎಣಿಸಿ ಹೇಳುವುದನ್ನು ಕತ್ತಲೆ ಕೋಣೆಯಲ್ಲಿ ಕೂತು ನೋಡಬೇಕು. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟದ ಗಳಿಗೆ ಅದೇ.

ಚಿಪ್ ತೆಗೆಯುವಾಗ ಅವಸರ ಬೇಡ. ಹದಿನಾರು ಕಾಲಿನ ಬೆಸುಗೆಯನ್ನೂ ಪೂರ್ತಿ ಹೀರಿ ತೆಗೆದ ಮೇಲೆ ಚಿಪ್ ತಾನಾಗಿ ಅಲುಗಾಡಬೇಕು. ಎಳೆದರೆ ತಾಮ್ರದ ಗೆರೆಯೂ ಎದ್ದು ಬರುತ್ತದೆ. ಹೊಸ ಚಿಪ್ ನೇರ ಬೆಸೆಯಬೇಡಿ, ಸಾಕೆಟ್ ಹಾಕಿ. ಇನ್ನೊಮ್ಮೆ ಕೆಟ್ಟರೆ ಸುಲಭ.

ಇಷ್ಟು ದುರಸ್ತಿ. ಈಗ ಅಪ್‌ಗ್ರೇಡ್ ವಿಷಯ. ಇಲ್ಲಿ ಜನ ಎಡವುವುದು ಜಾಸ್ತಿ. ವೇಗದ ಪ್ರೊಸೆಸರ್ ಹಾಕೋಣ, ಮೆಮೊರಿ ಹೆಚ್ಚಿಸೋಣ ಅಂತ ಹೊರಡುತ್ತಾರೆ. ಆದರೆ ಆ ಕಾಲದ ಆಟಗಳು ಬರೆದದ್ದು ಆ ಯಂತ್ರದ ನಿಖರ ವೇಗಕ್ಕೆ. ಯುರೋಪಿನ ಕಮೋಡೋರ್ 64ರಲ್ಲಿ ತೆರೆಯ ಒಂದು ಸಾಲಿಗೆ ಪ್ರೊಸೆಸರ್‌ನ 63 ಗಡಿಯಾರ ಬಡಿತ, ಒಂದು ಚಿತ್ರಕ್ಕೆ 312 ಸಾಲು. ಅಂದರೆ ಒಂದು ಚಿತ್ರಕ್ಕೆ 19,656 ಬಡಿತ. ಆಟ ಬರೆಯುವವರು ಇದನ್ನು ಬೆರಳ ಮೇಲೆ ಎಣಿಸಿಟ್ಟುಕೊಂಡಿದ್ದರು. ಗ್ರಾಫಿಕ್ಸ್ ಚಿಪ್ ಒಂದು ಸಲಕ್ಕೆ ಎಂಟೇ ಸ್ಪ್ರೈಟ್, ಅಂದರೆ ಓಡಾಡುವ ಎಂಟೇ ಬೊಂಬೆ ತೋರಿಸಬಲ್ಲದು. ಆದರೆ ತೆರೆಯ ಮೇಲ್ಭಾಗ ಬರೆದು ಮುಗಿದ ಕೂಡಲೇ ಅದೇ ಎಂಟನ್ನು ಕೆಳಗೆ ಇಳಿಸಿ ಮತ್ತೆ ಬಳಸಿದರೆ? ನೋಡುವವರಿಗೆ ಹದಿನಾರು, ಇಪ್ಪತ್ನಾಲ್ಕು ಕಾಣುತ್ತವೆ. ಇದೆಲ್ಲಾ ಬಡಿತ ಎಣಿಸಿ ಮಾಡಿದ ಕಸರತ್ತು. ಪ್ರೊಸೆಸರ್ ವೇಗ ಹೆಚ್ಚಿಸಿದರೆ ಲೆಕ್ಕ ತಪ್ಪಿ ಬೊಂಬೆಗಳು ಚೂರಾಗುತ್ತವೆ. ಹಾಗಾಗಿ ಆಟಕ್ಕೆ ಬೇಕಾದ ಯಂತ್ರದಲ್ಲಿ ಪ್ರೊಸೆಸರ್ ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದಲಿಸಬಹುದಾದದ್ದು ಸುತ್ತಲಿನದು. ಡಿಸ್ಕ್ ಡ್ರೈವ್ ನೋಡಿ. 1541 ಎಂಬ ಡ್ರೈವ್ ಒಂದು ಫ್ಲಾಪಿಗೆ ಸುಮಾರು 170 ಕಿಲೋಬೈಟ್ ಇಡುತ್ತದೆ. ಸೆಕೆಂಡಿಗೆ 400 ಬೈಟ್ ಆಸುಪಾಸು ಓದುತ್ತದೆ, ದೊಡ್ಡ ಆಟಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು. ಫ್ಲಾಪಿಗಳಿಗೂ ವಯಸ್ಸಾಗಿದೆ, ಬೂಷ್ಟು ಹಿಡಿಯುತ್ತವೆ. ಅದಕ್ಕೇ ಈಗ ಎಸ್‌ಡಿ ಕಾರ್ಡ್ ಓದುವ ಪುಟ್ಟ ಸಾಧನಗಳು ಬಂದಿವೆ. ಆದರೆ ಎಲ್ಲಾ ಒಂದೇ ಅಲ್ಲ. 1541ರ ಒಳಗೆ ಅದರದ್ದೇ ಪ್ರೊಸೆಸರ್ ಇದೆ, 2 ಕಿಲೋಬೈಟ್ ಮೆಮೊರಿ ಇದೆ. ಡ್ರೈವ್ ಅಂದರೆ ಅದೇ ಒಂದು ಕಂಪ್ಯೂಟರ್. ಆಟ ಬರೆಯುವವರು ಸುಮ್ಮನಿರುತ್ತಾರಾ? ತಮ್ಮದೇ ಕೋಡನ್ನು ಡ್ರೈವ್ ಒಳಗೆ ಕಳಿಸಿ, ಅಲ್ಲಿ ಓಡಿಸಿ, ಹಲವು ಪಟ್ಟು ವೇಗವಾಗಿ ಓದಿಸಿಕೊಂಡರು. ಬರೀ ಫೈಲ್ ಕೊಡುವ ಅಗ್ಗದ ಸಾಧನದಲ್ಲಿ ಇಂಥ ಆಟಗಳು ಅರ್ಧಕ್ಕೆ ನಿಲ್ಲುವುದು ಇದರಿಂದ. ಆಟ ಮುಖ್ಯವಾದರೆ, 1541ರ ಒಳಗಿನ ಪ್ರೊಸೆಸರನ್ನೂ ಬಡಿತಕ್ಕೆ ಬಡಿತ ಅನುಕರಿಸುವ ಸಾಧನವನ್ನೇ ತೆಗೆದುಕೊಳ್ಳಿ.

ತೆರೆಯ ವಿಷಯದಲ್ಲಿ ಜಾಗ ಇದ್ದರೆ ಹಳೆ ಟ್ಯೂಬ್ ಟಿವಿಯೇ ಚೆನ್ನ. ಸಂಕೇತ ಬಂದ ಹಾಗೇ ಸಾಲು ಸಾಲಾಗಿ ಬರೆದುಬಿಡುತ್ತದೆ, ತಡ ಎಂಬುದಿಲ್ಲ. ಹೊಸ ಟಿವಿಗಳು ಈ ಹಳೆ ಸಂಕೇತವನ್ನು ತಪ್ಪಾಗಿ ತಿಳಿದು, ಎರಡು ಚಿತ್ರಗಳನ್ನು ಬೆರೆಸಿ ಮಸುಕು ಮಾಡುವುದುಂಟು. ನಡುವೆ, ಹಳೆ ಸಂಕೇತವನ್ನು ಹೊಸ ಟಿವಿಗೆ ಹೊಂದಿಸುವ ಒಂದು ಒಳ್ಳೆ ಸ್ಕೇಲರ್ ಇಟ್ಟರೆ ಆ ತೊಂದರೆ ತಪ್ಪುತ್ತದೆ.

ಹಳದಿಯಾದ ಪ್ಲಾಸ್ಟಿಕ್ ಬಗ್ಗೆ ಎರಡು ಮಾತು. ಬೆಳಕು, ಬಿಸಿ, ಗಾಳಿಯ ಆಮ್ಲಜನಕ ಸೇರಿ ಪ್ಲಾಸ್ಟಿಕ್ಕಿನ ಮೇಲ್ಪದರದಲ್ಲಿ ಬದಲಾವಣೆ ಮಾಡುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಅತಿನೇರಳೆ ಬೆಳಕಿಗೆ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಕ್ರೀಮ್ ಅಲ್ಲಲ್ಲಿ ಒಣಗಿದರೆ ಮಾತ್ರ ಗೆರೆ ಗೆರೆ ಉಳಿಯುತ್ತದೆ, ಅದನ್ನು ಸರಿಮಾಡುವುದು ಕಷ್ಟ. ಕೆಲವು ವರ್ಷಕ್ಕೆ ಹಳದಿ ಮತ್ತೆ ಬರುವುದೂ ಇದೆ. ಸ್ವಲ್ಪವೇ ಹಳದಿ ಇದ್ದರೆ ಹಾಗೇ ಬಿಡುವುದು ಮೇಲು.

ನಾನು ಕೊನೆಗೆ ಉಳಿಸಿಕೊಂಡದ್ದು ಸೌಂಡ್ ಚಿಪ್. ಬಾಬ್ ಯಾನೆಸ್ ವಿನ್ಯಾಸ ಮಾಡಿದ ಸಿಡ್. ಮೊದಲು ಬಂದದ್ದು 6581, ಆಮೇಲೆ ಬಂದದ್ದು 8580. ಹಳೆಯದರಲ್ಲಿ ಒಂದು ದೋಷ ಇತ್ತು. ಸದ್ದು ಏರಿಸಿ ಇಳಿಸುವಾಗ 'ಟಿಕ್' ಅಂತ ಸಣ್ಣ ಶಬ್ದ ಬರುತ್ತಿತ್ತು. ಇದನ್ನು ಕಂಡ ಕೆಲವರು ಯೋಚಿಸಿದರು: ಸೆಕೆಂಡಿಗೆ ಸಾವಿರಾರು ಸಲ ಹೀಗೆ ಏರಿಸಿ ಇಳಿಸಿದರೆ ಆ ಟಿಕ್‌ಗಳೆಲ್ಲಾ ಸೇರಿ ಬೇಕಾದ ಶಬ್ದವೇ ಆಗುತ್ತದಲ್ಲ! ಹಾಗೆ ಆಟಗಳಲ್ಲಿ ಮನುಷ್ಯರ ಮಾತು, ಡೋಲಿನ ಪೆಟ್ಟು ಕೇಳಿಸಿತು. ಆಮೇಲೆ 8580ರಲ್ಲಿ ಆ ದೋಷ ಹೋಯಿತು. ಹಳೆ ಆಟಗಳ ಮಾತು ಪಿಸುಗುಟ್ಟುವ ಮಟ್ಟಕ್ಕೆ ಇಳಿಯಿತು. ಇನ್ನೊಂದು ವಿಚಾರ, 6581ರ ಫಿಲ್ಟರ್, ಅಂದರೆ ದನಿಯ ಗುಣ ಬದಲಿಸುವ ಭಾಗ, ಚಿಪ್‌ನಿಂದ ಚಿಪ್‌ಗೆ ಬೇರೆ. ಒಂದೇ ಹಾಡು ಒಂದು ಯಂತ್ರದಲ್ಲಿ ಮಂದ್ರವಾಗಿ, ಇನ್ನೊಂದರಲ್ಲಿ ಚೂಪಾಗಿ ಕೇಳುತ್ತದೆ. ಕೆಲಸ ಮಾಡುವ 6581 ನಿಮ್ಮ ಯಂತ್ರದಲ್ಲಿದ್ದರೆ, ಅದನ್ನು ಕಿತ್ತು 'ಇನ್ನೂ ಒಳ್ಳೆಯದು' ಹಾಕಬೇಡಿ. ಅದರ ಮೇಲೆ ಬಿಸಿ ಹೊರಹಾಕುವ ಒಂದು ಹೀಟ್‌ಸಿಂಕ್ ಅಂಟಿಸಿ, ಸಾಕು.

ಸತ್ತಿದ್ದರೆ ಬದಲಿಸಲೇಬೇಕು. ಆಗ ಎಚ್ಚರ: 6581ಕ್ಕೆ 12 ವೋಲ್ಟ್ ಬೇಕು, 8580ಕ್ಕೆ 9. ಎರಡೂ ಒಂದೇ ಗಾತ್ರ, ಒಂದೇ ಸಾಕೆಟ್ಟಿಗೆ ಸಲೀಸಾಗಿ ಕೂರುತ್ತವೆ. 12ರ ಬೋರ್ಡಿಗೆ 8580 ಹಾಕಿದರೆ ಚಿಪ್ ಹಾಳಾಗುತ್ತದೆ. ಅದಕ್ಕೇ ನಾನು ಕೇಸ್ ಮುಚ್ಚುವ ಮುಂಚೆ ಒಂದು ಚೀಟಿ ಬರೆದು ಒಳಗಡೆ, ಕೀಬೋರ್ಡ್ ಕೆಳಗೆ ಅಂಟಿಸುತ್ತೇನೆ. ತಾರೀಖು. ಬದಲಿಸಿದ ಕೆಪ್ಯಾಸಿಟರ್‌ಗಳ ಪಟ್ಟಿ. ಮೆಮೊರಿ ಚಿಪ್ ಒಂದು ಹೊಸತು, ಸಾಕೆಟ್ ಇದೆ. ಸಿಡ್ 6581, 12 ವೋಲ್ಟ್. ಹಳೆ ಪವರ್ ಡಬ್ಬಿ ಹಾಕಬೇಡಿ.