ಮೊದಲ ಸ್ಕಾಚ್: ಯಾವುದು ತಗೊಂಡರೆ ದುಡ್ಡು ದಂಡ ಆಗಲ್ಲ?

ಪ್ರಶ್ನೆ: ಇಲ್ಲಿವರೆಗೆ ಬಿಯರ್, ಅಪರೂಪಕ್ಕೆ ಗೆಳೆಯರ ಜೊತೆ ಮಾಮೂಲಿ ವಿಸ್ಕಿ ಕುಡಿದವನು ನಾನು. ಈಗ ಒಂದು ಒಳ್ಳೆ ಸ್ಕಾಚ್ ನೋಡೋಣ ಅನಿಸಿದೆ. ಅಂಗಡಿಗೆ ಹೋದರೆ ಎರಡು ಸಾವಿರದ್ದೂ ಇದೆ, ಹತ್ತು ಸಾವಿರದ್ದೂ ಇದೆ. ಹೊಸಬರು ಯಾವುದು ತಗೋಬೇಕು? (ದಾವಣಗೆರೆ ವಿದ್ಯಾನಗರದ ಓದುಗರು)

ಮೊದಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನಲ್ಲಿ ತಯಾರಾಗಿ, ನಮ್ಮ ದೇಶದಲ್ಲಿ ಬಾಟಲಿಗೆ ತುಂಬಿದ ಬ್ಲೆಂಡೆಡ್ ಸ್ಕಾಚ್, ಅಂದರೆ ಬೇರೆ ಬೇರೆ ಭಟ್ಟಿಗಳ ವಿಸ್ಕಿ ಬೆರೆಸಿ ಮಾಡಿದ ಸ್ಕಾಚ್ ತಗೊಳ್ಳಿ. ಟೀಚರ್ಸ್, ಬ್ಲ್ಯಾಕ್ ಅಂಡ್ ವೈಟ್, 100 ಪೈಪರ್ಸ್, ವ್ಯಾಟ್ 69 ಇವೆಲ್ಲ ಆ ಸಾಲಿನವು. ಅದೂ ಫುಲ್ ಬೇಡ. 180 ಎಂಎಲ್ ಕ್ವಾರ್ಟರ್ ಸಾಕು. "ಅಣ್ಣ, ಟೀಚರ್ಸ್ ಕ್ವಾರ್ಟರ್ ಐತೇನ್ರಿ?" ಅಂತ ಕೇಳೋಕೆ ನಾಚಿಕೆ ಯಾಕೆ? ಒಂದು ಫುಲ್ ಬಾಟಲಿ ದುಡ್ಡಲ್ಲಿ ಮೂರು ಬ್ರ್ಯಾಂಡಿನ ಒಂದೊಂದು ಕ್ವಾರ್ಟರ್ ಬರುತ್ತೆ, ಇನ್ನೂ ದುಡ್ಡು ಉಳಿಯುತ್ತೆ. ನಿಮ್ಮ ನಾಲಿಗೆಗೆ ಯಾವುದು ಹಿಡಿಸುತ್ತೆ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ.

ಇಲ್ಲಿ ತುಂಬಿದ್ದು ಅಂದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ. ಅದು ತಪ್ಪು ತಿಳುವಳಿಕೆ. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಅದು ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಯಬೇಕು, ಅಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ಆದರೆ ಬ್ಲೆಂಡೆಡ್ ಸ್ಕಾಚನ್ನು ಸಗಟಾಗಿ ಹೊರದೇಶಕ್ಕೆ ಕಳಿಸಿ ಅಲ್ಲಿ ಬಾಟಲಿಗೆ ತುಂಬಬಹುದು. ಒಳಗಿರುವ ಮಾಲು ಸ್ಕಾಟ್ಲೆಂಡಿನದೇ. ಸಿಂಗಲ್ ಮಾಲ್ಟಿಗೆ, ಅಂದರೆ ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ (ಮಾಲ್ಟ್) ಮಾಡಿದ ವಿಸ್ಕಿಗೆ, ಆ ಅವಕಾಶ ಇಲ್ಲ. 2012ರಿಂದ ಅದನ್ನು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕು.

ಬೆಲೆಯ ಗುಟ್ಟೂ ಇಲ್ಲೇ ಇದೆ. ಆಮದು ಸ್ಕಾಚ್ ಮೇಲೆ ಕೇಂದ್ರದ ಸುಂಕ ಬಹಳ ವರ್ಷ 150% ಇತ್ತು. ಸುಂಕ ಬೀಳುವುದು ಮಾಲು ಬಂದರಿಗೆ ಬಂದಾಗಿನ ಬೆಲೆಯ ಮೇಲೆ. ಸಗಟಾಗಿ ಬಂದರೆ ಆ ಬೆಲೆ ಕಡಿಮೆ. ಬಾಟಲಿ ಸಮೇತ ಬಂದರೆ ಗಾಜು, ಡಬ್ಬಿ, ಅವುಗಳ ಸಾಗಾಣಿಕೆ ಎಲ್ಲದರ ಮೇಲೂ ಸುಂಕ ಕಟ್ಟಬೇಕು. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಬೇರೆ. ಅಂದರೆ ಆಮದು ಬಾಟಲಿಗೆ ನೀವು ಕೊಡುವ ಹೆಚ್ಚಿನ ದುಡ್ಡು ರುಚಿಗೆ ಹೋಗುವುದಕ್ಕಿಂತ ತೆರಿಗೆಗೆ ಹೋಗುವುದೇ ಜಾಸ್ತಿ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದದಲ್ಲಿ ಸುಂಕವನ್ನು ಮೊದಲು 75%ಗೆ, ಹತ್ತು ವರ್ಷದಲ್ಲಿ 40%ಗೆ ಇಳಿಸುವ ಮಾತಿದೆ. ಆದರೆ ರಾಜ್ಯದ ತೆರಿಗೆ ಇದಕ್ಕೆ ಸೇರಿಲ್ಲ. ಅಂಗಡಿಯ ಬೆಲೆ ಅರ್ಧಕ್ಕರ್ಧ ಇಳಿಯುತ್ತೆ ಅಂತ ಕಾಯಬೇಡಿ.

ಲೇಬಲ್ ಓದುವಾಗ ಒಂದು ಕಡೆ ಎಚ್ಚರ ಬೇಕು. "ಬ್ಲೆಂಡೆಡ್ ಸ್ಕಾಚ್ ವಿಸ್ಕಿ" ಬೇರೆ, "ಸ್ಕಾಚ್ ಮಾಲ್ಟ್ ಬೆರೆಸಿದ ವಿಸ್ಕಿ" ಬೇರೆ. ಬ್ಲೆಂಡರ್ಸ್ ಪ್ರೈಡ್, ರಾಯಲ್ ಸ್ಟ್ಯಾಗ್ ಎರಡನೇ ಜಾತಿಯವು. ಇಲ್ಲಿನ ಧಾನ್ಯದ ಸ್ಪಿರಿಟ್‌ಗೆ ಒಂದಷ್ಟು ಸ್ಕಾಚ್ ಮಾಲ್ಟ್ ಸೇರಿಸಿರುತ್ತಾರೆ. ಕುಡಿಯೋಕೆ ಅಡ್ಡಿಯಿಲ್ಲ, ಆದರೆ ಸ್ಕಾಚ್ ಅಲ್ಲ. ಇನ್ನು 12 ವರ್ಷ ಅಂತ ಬರೆದಿದ್ದರೆ, ಅದರೊಳಗೆ ಬೆರೆಸಿದ್ದರಲ್ಲಿ ಎಲ್ಲಕ್ಕಿಂತ ಎಳೆಯದಕ್ಕೂ 12 ತುಂಬಿದೆ ಅಂತ ಅರ್ಥ. ವರ್ಷ ಬರೆದಿಲ್ಲ ಅಂದ ಮಾತ್ರಕ್ಕೆ ಕೀಳಲ್ಲ.

ಬಾಟಲಿಯ ಮುಚ್ಚಳ ನೋಡಿ. ಅಬಕಾರಿ ಇಲಾಖೆಯ ಹಾಲೋಗ್ರಾಂ ಚೀಟಿ ಮುಚ್ಚಳದ ಮೇಲೆ ಅಂಟಿರಬೇಕು, ಹರಿದಿರಬಾರದು, ಕಿತ್ತು ಮತ್ತೆ ಅಂಟಿಸಿದ ಹಾಗೆ ಕಾಣಬಾರದು. "ಡ್ಯೂಟಿ ಫ್ರೀ ಮಾಲು", "ಮಿಲಿಟರಿ ಮಾಲು" ಅಂತ ಯಾರೋ ಚೀಲದಿಂದ ತೆಗೆದು ಅರ್ಧ ಬೆಲೆಗೆ ಕೊಟ್ಟರೆ ಮುಟ್ಟಲೇಬೇಡಿ. ಖಾಲಿ ಸ್ಕಾಚ್ ಬಾಟಲಿಗೆ ಏನು ತುಂಬಿರುತ್ತಾರೋ ಯಾರಿಗೆ ಗೊತ್ತು? ಲೈಸೆನ್ಸ್ ಇರುವ ಅಂಗಡಿ, ಇಲ್ಲವೇ ಎಂಎಸ್‌ಐಎಲ್ ಮಳಿಗೆಗೆ ಹೋಗಿ, ಎಂಆರ್‌ಪಿ ಕೊಟ್ಟು ತನ್ನಿ.

ಕುಡಿಯುವ ಬಗೆಗೆ ಬರೋಣ. ಇದು ಸರಿಯಾಗದಿದ್ದರೆ ಯಾವ ಬಾಟಲಿ ತಂದರೂ ಒಂದೇ. 30 ಎಂಎಲ್ ಲೋಟಕ್ಕೆ ಹಾಕಿ, ಐದು ನಿಮಿಷ ಸುಮ್ನೆ ಬಿಡಿ. ಮೂಗು ಲೋಟದೊಳಗೆ ತುರುಕಬೇಡಿ, ಘಾಟು ಹೊಡೆಯುತ್ತೆ. ಸ್ವಲ್ಪ ದೂರದಿಂದ, ಬಾಯಿ ಕೊಂಚ ತೆರೆದು ವಾಸನೆ ನೋಡಿ. ಒಂದು ಗುಟುಕು ಹಾಗೇ ಕುಡಿದು ನೋಡಿ. ಆಮೇಲೆ ಚಮಚದಲ್ಲಿ ನೀರು ಸೇರಿಸುತ್ತಾ ಹೋಗಿ. ನೀರು ಹಾಕಿದರೆ ಸ್ಕಾಚ್ ಕೆಡುತ್ತೆ ಅನ್ನೋದು ಬರೀ ಜಂಬದ ಮಾತು. ಇಲ್ಲಿ ತುಂಬಿದ ಬಾಟಲಿಗಳಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಇರುತ್ತೆ. ಅಷ್ಟೇ ಅಳತೆ ನೀರು ಹಾಕಿದರೆ ಅದು ಹೆಚ್ಚುಕಡಿಮೆ 21% ಆಗುತ್ತೆ. ವಿಸ್ಕಿ ಬೆರೆಸುವ ಕಸುಬಿನವರು ವಾಸನೆ ನೋಡುವಾಗ ಇಳಿಸಿಕೊಳ್ಳುವುದೂ ಸುಮಾರು 20%ಗೇ. ನೀರು ಮಾತ್ರ ಕ್ಲೋರಿನ್ ವಾಸನೆಯ ನಲ್ಲಿಯದು ಬೇಡ, ಗಡಸು ಬೋರ್‌ವೆಲ್ಲಿನದೂ ಬೇಡ. ಫಿಲ್ಟರ್ ನೀರು ಇರಲಿ. ಐಸ್ ಜಾಸ್ತಿಯಾದರೆ ವಾಸನೆ ಮುದುಡುತ್ತೆ. ಸೋಡಾ ಪರವಾಗಿಲ್ಲ. ಕೋಲಾ ಸುರಿಯುವ ಹಾಗಿದ್ದರೆ ಸ್ಕಾಚ್ ಕೊಳ್ಳಲೇಬೇಡಿ.

ನಮ್ಮೂರಿನವರಿಗೆ ಇನ್ನೊಂದು ಮಾತು. ಖಾರ ಮಂಡಕ್ಕಿ, ಮಿರ್ಚಿ ಇಲ್ಲದೆ ನಮಗೆ ಸಂಜೆ ಆಗಲ್ಲ, ಅಲ್ವಾ? ಆದರೆ ಮಿರ್ಚಿ ಕಚ್ಚಿದ ನಾಲಿಗೆಗೆ ಸ್ಕಾಚೂ ಒಂದೇ, ಸ್ಪಿರಿಟ್ಟೂ ಒಂದೇ. ಮೊದಲ ಪೆಗ್ ಬರೀ ಹುರಿದ ಶೇಂಗಾ ಜೊತೆ ಮುಗಿಸಿ. ಮಿರ್ಚಿ ಆಮೇಲೆ ಬರಲಿ.

ಟೀಚರ್ಸ್‌ನಲ್ಲಿ ತೆಳ್ಳಗೆ ಹೊಗೆಯ ವಾಸನೆ ಸಿಗುತ್ತೆ. ಅದರೊಳಗಿನ ಮುಖ್ಯ ಮಾಲ್ಟ್ ಆರ್ಡ್‌ಮೋರ್. ಪೀಟ್ ಅನ್ನೋ ಜೌಗು ಮಣ್ಣಿನ ಹೊಗೆಯಲ್ಲಿ ಒಣಗಿಸಿದ ಮೊಳಕೆ ಬಾರ್ಲಿಯಿಂದ ಅದನ್ನು ಮಾಡುತ್ತಾರೆ. ಆ ಹೊಗೆ ಇಷ್ಟವಾದರೆ ಮುಂದಿನ ಮೆಟ್ಟಿಲು ಜಾನಿ ವಾಕರ್ ಬ್ಲ್ಯಾಕ್ ಲೇಬಲ್. ಹೊಗೆ ಬೇಡ, ಸಿಹಿಯಾಗಿ ಮೆತ್ತಗಿರಬೇಕು ಅನಿಸಿದರೆ ಶಿವಾಸ್ 12. ಸಿಂಗಲ್ ಮಾಲ್ಟಿನ ಆಸೆ ಆದಾಗ ಗ್ಲೆನ್‌ಫಿಡಿಕ್ 12 ಅಥವಾ ಗ್ಲೆನ್‌ಲಿವೆಟ್ 12. ಲಾಫ್ರೋಯಿಗ್, ಆರ್ಡ್‌ಬೆಗ್ ಥರದ ಕಟುಹೊಗೆಯವನ್ನು ಈಗಲೇ ಕೊಳ್ಳಬೇಡಿ. ಔಷಧಿ ವಾಸನೆ ಅಂತ ಬಾಟಲಿ ಹಾಗೇ ಉಳಿದೀತು. ಸ್ಕಾಚೇ ಆಗಬೇಕು ಅಂತಿಲ್ಲದಿದ್ದರೆ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟನ್ನೂ ನೋಡಿ. 2004ರಲ್ಲಿ ಅದನ್ನು ಗ್ಲಾಸ್ಗೋದಲ್ಲೇ ಮಾರುಕಟ್ಟೆಗೆ ಬಿಟ್ಟು ಹೆಸರು ಮಾಡಿದರು.

ಆಮೇಲೆ ಫುಲ್ ಬಾಟಲಿ ತಂದಾಗ ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿಡಿ. ವಿಸ್ಕಿ ಮಾಗುವುದು ಪೀಪಾಯಿಯಲ್ಲಿ, ಬಾಟಲಿಯಲ್ಲಲ್ಲ. ಹತ್ತು ವರ್ಷ ಶೋಕೇಸಿನಲ್ಲಿ ಇಟ್ಟರೂ 12ರದ್ದು 22 ಆಗಲ್ಲ. ಒಮ್ಮೆ ತೆರೆದು ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಗಾಳಿ ತಾಗಿ ರುಚಿ ಸಪ್ಪೆಯಾಗುತ್ತಾ ಹೋಗುತ್ತೆ. ಅಷ್ಟು ಹೊತ್ತಿಗೆ ಗೆಳೆಯರನ್ನು ಕರೆದು ಮುಗಿಸಿ.