ಸೇಂಟ್, ಸ್ಟ್ರೀಟ್, ಫಸ್ಟ್: ಎರಡು ಅಕ್ಷರಗಳ ಹಿಂದಿನ ಚರಿತ್ರೆ

1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರದ ಪ್ರಧಾನಾಲಯಕ್ಕೆ ಸಂತ ಜೋಸೆಫರ ಹೆಸರಿದೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಬರುವುದು ಎಸ್ ಮತ್ತು ಟಿ ಎಂಬ ಎರಡು ಅಕ್ಷರಗಳ ಸಂಕ್ಷೇಪ. ವಿಳಾಸದಲ್ಲಿ ಬೀದಿಯ ಹೆಸರಿನ ಕೊನೆಗೆ ಬರುವುದೂ, ಮೊದಲನೆಯ ಸ್ಥಾನವನ್ನು ಸೂಚಿಸಲು 1ರ ಪಕ್ಕದಲ್ಲಿ ಬರುವುದೂ ಇವೇ ಅಕ್ಷರಗಳು. ನೋಟಕ್ಕೆ ಒಂದೇ ಆದರೂ ಈ ಮೂರಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ.

ಪದವನ್ನು ಮೊಟಕುಗೊಳಿಸುವ ರೂಢಿ ಯೂರೋಪಿನ ಲಿಪಿಕಾರರದ್ದು ಮಾತ್ರವಲ್ಲ. ಹಾಸನ ಸೀಮೆಯ ಹೊಯ್ಸಳರ ಕಾಲದ ಶಾಸನಗಳಲ್ಲಿ ಗದ್ಯಾಣ ಎಂಬ ನಾಣ್ಯದ ಹೆಸರನ್ನು ‘ಗ’ ಎಂಬ ಒಂದೇ ಅಕ್ಷರದಲ್ಲಿ ಮುಗಿಸಿ ಮುಂದೆ ಅಂಕಿ ಕೆತ್ತಿರುವುದನ್ನು ಕಾಣಬಹುದು.

ಸೇಂಟ್ ಎಂಬುದು ‘ಪವಿತ್ರಗೊಳಿಸಲ್ಪಟ್ಟ’ ಎಂಬ ಅರ್ಥದ ಲ್ಯಾಟಿನ್ ‘ಸಾಂಕ್ಟುಸ್’ ಪದದಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಿತು. ನಾವು ಅದರ ಜಾಗದಲ್ಲಿ ಬಳಸುವ ‘ಸಂತ’ ಶಬ್ದ ಧ್ವನಿಯಲ್ಲಿ ಎಷ್ಟೇ ಹತ್ತಿರವಿದ್ದರೂ ಅದಕ್ಕೆ ನಂಟಲ್ಲ; ಅದು ಸಂಸ್ಕೃತದ ‘ಸತ್’ ಶಬ್ದದ ಬಹುವಚನವಾದ ‘ಸಂತಃ’ ಎಂಬುದರಿಂದ, ಅಂದರೆ ಸಜ್ಜನರು ಎಂಬ ಅರ್ಥದಿಂದ ಬಂದದ್ದು. ಸ್ಟ್ರೀಟ್ ಪದದ ಮೂಲ ರೋಮನ್ನರು ಕಲ್ಲುಹಾಸಿದ ದಾರಿಗೆ ಇಟ್ಟ ‘ಸ್ಟ್ರಾಟ’ ಎಂಬ ಹೆಸರು. ಹರಡು, ಹಾಸು ಎಂಬ ಅರ್ಥದ ಅದರ ಧಾತುವಿಗೆ ನಮ್ಮ ‘ವಿಸ್ತಾರ’ದಲ್ಲಿರುವ ‘ಸ್ತೃ’ ಧಾತು ಸೋದರ.

ಎಲ್ಲಕ್ಕಿಂತ ಕುತೂಹಲಕರವಾದದ್ದು ಮೂರನೆಯದು. ಫಸ್ಟ್ ಎಂಬುದು ಮೂಲದಲ್ಲಿ ಸಂಖ್ಯಾವಾಚಕವೇ ಅಲ್ಲ. ‘ಮುಂದೆ’ ಎಂಬ ಅರ್ಥದ ‘ಫೋರ್’ಗೆ ಅತಿಶಯವನ್ನು ಹೇಳುವ ಪ್ರತ್ಯಯ ಸೇರಿ ‘ಎಲ್ಲರಿಗಿಂತ ಮುಂದಿನದು’ ಎಂದಾದ ಪದ. ಬೆಸ್ಟ್, ಮೋಸ್ಟ್, ಲಾಸ್ಟ್ ಪದಗಳ ಕೊನೆಯಲ್ಲಿರುವುದೂ ಅದೇ ಪ್ರತ್ಯಯ. ನಮ್ಮ ‘ಪ್ರಥಮ’ವೂ ‘ಪ್ರ’ ಎಂಬುದಕ್ಕೆ ಅತಿಶಯದ ಪ್ರತ್ಯಯ ಹತ್ತಿ ಹೀಗೆಯೇ ರೂಪುಗೊಂಡಿದೆ.

ಇಂಗ್ಲಿಷಿನ ಈ ಪ್ರತ್ಯಯಕ್ಕೆ ಸಂಸ್ಕೃತದಲ್ಲಿರುವ ಒಡಹುಟ್ಟು ‘ಇಷ್ಠ’. ಪಾಣಿನಿಯು ‘ಅತಿಶಾಯನೇ ತಮಬಿಷ್ಠನೌ’ ಎಂಬ ಸೂತ್ರದಲ್ಲಿ ‘ತಮ’ದ ಜೊತೆಗೆ ಇದನ್ನೂ ವಿಧಿಸಿದ್ದಾನೆ. ಗುರುವಿನಿಂದ ಗರಿಷ್ಠ, ಬಲದಿಂದ ಬಲಿಷ್ಠ ಆಗುವುದು ಇದರಿಂದಲೇ. ಶ್ರೇಯಸ್ಸು ಎಂಬುದು ‘ಹೆಚ್ಚು ಉತ್ತಮ’ವಾದರೆ ಶ್ರೇಷ್ಠ ಎಂಬುದು ‘ಅತ್ಯುತ್ತಮ’. ಋಗ್ವೇದದ ಒಂಬತ್ತನೆಯ ಮಂಡಲ ‘ಸ್ವಾದಿಷ್ಠಯಾ’ ಎಂದೇ ಆರಂಭವಾಗುತ್ತದೆ, ಆ ಸ್ವಾದಿಷ್ಠಕ್ಕೂ ಇಂಗ್ಲಿಷಿನ ‘ಸ್ವೀಟೆಸ್ಟ್’ಗೂ ಧಾತುವೂ ಪ್ರತ್ಯಯವೂ ಒಂದೇ ಮೂಲದವು. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಗೆ ಸಮಾನ ಮೂಲವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ ಮೇಲೆ ಇಂಥ ನಂಟುಗಳ ಅಧ್ಯಯನ ಶಾಸ್ತ್ರವಾಗಿ ಬೆಳೆಯಿತು.

ಇದು ಪಂಡಿತರ ವಿಷಯವಷ್ಟೇ ಅಲ್ಲ. ಅರಸೀಕೆರೆಯ ಎಪಿಎಂಸಿಗೆ ಕೊಬ್ಬರಿ ತರುವ ರೈತ ಮೊದಲು ಕೇಳುವುದೇ ಆ ದಿನದ ಕನಿಷ್ಠ ದರ ಎಷ್ಟು, ಗರಿಷ್ಠ ದರ ಎಷ್ಟು ಎಂದು. ಅವನ ಬಾಯಲ್ಲಿ ದಿನವೂ ಬರುವ ಆ ಎರಡು ಪದಗಳನ್ನು ಬರೆಯುವವರು ‘ಕನಿಷ್ಟ’, ‘ಗರಿಷ್ಟ’ ಎಂದು ಅಲ್ಪಪ್ರಾಣಕ್ಕೆ ಇಳಿಸುವುದು ಸಾಮಾನ್ಯವಾಗಿಬಿಟ್ಟಿದೆ. ಇಷ್ಟ, ಶಿಷ್ಟ, ವಿಶಿಷ್ಟ ಪದಗಳಲ್ಲಿರುವುದು ಬೇರೆಯೇ ಪ್ರತ್ಯಯವಾದ್ದರಿಂದ ಅಲ್ಲಿ ‘ಟ’ ಸರಿ; ಅತಿಶಯವನ್ನು ಹೇಳುವಲ್ಲಿ ‘ಠ’ ಬೇಕು. ಈ ವ್ಯತ್ಯಾಸವನ್ನು ಶಾಲೆಯಲ್ಲಿಯೇ ಕಾರಣಸಹಿತ ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ ಎಂಬುದು ನನ್ನ ನಂಬಿಕೆ. ‘ಶ್ರೇಷ್ಠತಮ’ದಲ್ಲಿ ಎರಡು ಅತಿಶಯ ಪ್ರತ್ಯಯಗಳಿವೆ ಎಂದು ಆಕ್ಷೇಪಿಸುವವರಿದ್ದಾರೆ, ಆದರೆ ಶುಕ್ಲ ಯಜುರ್ವೇದದ ಮೊದಲ ಮಂತ್ರದಲ್ಲಿಯೇ ‘ಶ್ರೇಷ್ಠತಮಾಯ ಕರ್ಮಣೇ’ ಎಂದಿರುವುದರಿಂದ ಆ ಪ್ರಯೋಗವನ್ನು ತಪ್ಪೆನ್ನಲಾಗದು.

ದ್ರಾವಿಡ ಭಾಷೆಯಾದ ಕನ್ನಡಕ್ಕೆ ತನ್ನದೇ ಆದ ಇಂಥ ಪ್ರತ್ಯಯವಿಲ್ಲ. ಗುಣವಾಚಕವನ್ನು ಇದ್ದ ಹಾಗೆಯೇ ಇಟ್ಟು ‘ಎಲ್ಲರಿಗಿಂತ ಹಿರಿಯ’, ‘ಎಲ್ಲಕ್ಕಿಂತ ದೊಡ್ಡದು’ ಎಂದು ಅದು ಹೋಲಿಕೆಯಿಂದಲೇ ಅತಿಶಯವನ್ನು ಹೇಳುತ್ತದೆ. ‘ಕನಿಷ್ಠ’ ಮತ್ತು ‘ಗರಿಷ್ಠ’ ಸಂಸ್ಕೃತದಿಂದ ತಮ್ಮ ಪ್ರತ್ಯಯವನ್ನು ಹೊತ್ತುಕೊಂಡೇ ಬಂದವು.