ದಾರ ಸರಿಸುವಾಗಲೇ ಹೋಗಬೇಕು

ನಾನು ಪಾಲಿಕೆಯಲ್ಲಿ ಕೆಲಸದಲ್ಲಿದ್ದಾಗ ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಮನೆ ಕಟ್ಟುತ್ತಿದ್ದರು. ಮಂಜೂರಾದ ನಕ್ಷೆಯಲ್ಲಿ ಪಕ್ಕದ ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಬಿಡಬೇಕಾದ ಖಾಲಿ ಜಾಗ, ಒಂದು ಮೀಟರ್. ಟೇಪ್ ಹಿಡಿದು ಅಳೆದರೆ ಒಂದೂವರೆ ಅಡಿಯೂ ಇಲ್ಲ. ಅಲ್ಲಿದ್ದ ಗೌಂಡಿಯನ್ನು ಕೇಳಿದೆ. 'ಸಾಹೇಬ್ರ, ಮದ್ಲ ಬಂದಿದ್ರ ದಾರಾ ಸರಸ್ತಿದ್ವಿರಿ. ಈಗ ಕಾಲಂ ಎದ್ದಾವಲ್ರಿ' ಅಂದ. ಪಾಯಕ್ಕೆ ಗುರುತು ಹಾಕೋಕೆ ಗೂಟಕ್ಕೆ ಕಟ್ಟುವ ದಾರ ಅದು. ಅವನ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ. ಪರವಾನಗಿ ಕೊಟ್ಟು ಎರಡು ತಿಂಗಳಾಗಿತ್ತು. ಕಚೇರಿಯಿಂದ ಆ ಜಾಗಕ್ಕೆ ಹೋದ ಮೊದಲ ಮನುಷ್ಯ ನಾನೇ.

ನಿಯಮ ಜಾರಿ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರೋದು ಜೆಸಿಬಿ. ನನ್ನ ಲೆಕ್ಕದಲ್ಲಿ ಜೆಸಿಬಿ ಬಂತು ಅಂದರೆ ಕಚೇರಿ ಆಗಲೇ ಸೋತಿದೆ. ಪಾಯ ತೋಡಿ ಪ್ಲಿಂತ್ (ನೆಲಮಟ್ಟದ ಕಟ್ಟೆ) ಏಳುವ ತನಕ ತಪ್ಪು ತಿದ್ದೋದು ಸುಲಭ. ಒಂದು ಸ್ಲ್ಯಾಬ್ ಹಾಕಿದ ಮೇಲೆ ಬ್ಯಾಂಕ್ ಸಾಲ, ಗೃಹಪ್ರವೇಶದ ಮುಹೂರ್ತ, ಕಾರ್ಪೊರೇಟರ ಫೋನು ಎಲ್ಲ ಸೇರಿಕೊಳ್ಳುತ್ತವೆ. ಆಮೇಲೆ ಉಳಿಯೋದು ಬರೀ ನೋಟಿಸು.

ಆ ನೋಟಿಸಾದರೂ ನೆಟ್ಟಗೆ ಇರುತ್ತಾ? 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಂ ಪ್ರಕಾರ ಮೊದಲು ತಾತ್ಕಾಲಿಕ ಆದೇಶ ಆಗಬೇಕು. ಅದರ ಪ್ರತಿಯ ಜೊತೆ ಕಾರಣ ಕೇಳಿ ನೋಟಿಸ್ ಹೋಗಬೇಕು. ಬಂದ ಉತ್ತರ ನೋಡಿ, ಆಮೇಲೆ ಆದೇಶ ಖಾಯಂ ಮಾಡಬೇಕು. ಗದಗ, ಹಾವೇರಿಯಂಥ ನಗರಸಭೆಗಳಿಗೆ 1964ರ ಕಾಯ್ದೆ ಬೇರೆ ಇದೆ. ಕಾಯ್ದೆ ಯಾವುದೇ ಇರಲಿ, ಕೋರ್ಟಿನಲ್ಲಿ ಫೈಲ್ ಬಿದ್ದು ಹೋಗೋದು ಮಾತ್ರ ಒಂದೇ ತರಹ.

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ನೋಟಿಸ್ ಜಾರಿಗೆ ಹೋದ ಹುಡುಗ ಲಕೋಟೆ ವಾಪಸ್ ತಂದ. ನೋಟಿಸ್ ಇದ್ದದ್ದು ಖಾತೆಯಲ್ಲಿದ್ದ ಯಜಮಾನರ ಹೆಸರಿಗೆ. ಆ ಯಜಮಾನರ ಫೋಟೋ ಗೋಡೆ ಮೇಲೆ ಗಂಧದ ಮಾಲೆ ಹಾಕಿಕೊಂಡು ಕೂತಿತ್ತು. ಕಟ್ಟಿಸುತ್ತಿದ್ದವರು ಇಬ್ಬರು ಮಕ್ಕಳು. ಒಳಗೆ ಬರೆದದ್ದಾದರೂ ಏನು? 'ನಕ್ಷೆ ಉಲ್ಲಂಘಿಸಿದ್ದೀರಿ', ಅಷ್ಟೇ. ಯಾವ ದಿಕ್ಕಿಗೆ, ಎಷ್ಟು ಅಡಿ, ಯಾವ ಮಹಡಿ, ಏನೂ ಇಲ್ಲ. ಇಂಥ ನೋಟಿಸಿಗೆ ಸ್ಟೇ ತರೋಕೆ ದೊಡ್ಡ ವಕೀಲರು ಬೇಕಿಲ್ಲ. ಹೆಸರನ್ನು ಸ್ಥಳದಲ್ಲೇ ಕೇಳಿ ಬರೆದುಕೊಳ್ಳಿ, ಅಳತೆ ತೆಗೆದು ಪಂಚನಾಮೆ ಮಾಡಿ, ಫೋಟೋ ಹಚ್ಚಿ ಅಂತ ನಾನು ಹೊಸ ಜೆಇಗಳಿಗೆ (ಕಿರಿಯ ಎಂಜಿನಿಯರುಗಳಿಗೆ) ಹೇಳುತ್ತಲೇ ಇದ್ದೆ. ಬೋರಾದರೂ ಕೇಳುತ್ತಿದ್ದರು, ಪಾಪ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತೆರವಿಗೆ ಮೊದಲು 15 ದಿನದ ನೋಟಿಸ್ ಕೊಡಬೇಕು ಅಂತ ಹೇಳಿದಾಗ ಕೈ ಕಟ್ಟಿ ಹಾಕಿದರು ಅಂತ ಕೆಲವರು ಗೊಣಗಿದರು. ಫೈಲ್ ಸರಿ ಇಟ್ಟವನಿಗೆ 15 ದಿನ ಏನು ಕಷ್ಟ? ನನಗೆ ಹೆಚ್ಚು ಉಪಯೋಗದ್ದು ಅನಿಸಿದ್ದು ಮುಂದಿನ ತಿಂಗಳ ಇನ್ನೊಂದು ತೀರ್ಪು. ಮಂಜೂರಾದ ನಕ್ಷೆ ಕೆಲಸ ನಡೆಯುವ ಜಾಗದಲ್ಲಿ ಕಾಣುವಂತೆ ಇರಬೇಕು. ಅಧಿಕಾರಿಗಳು ಆಗಾಗ ಹೋಗಿ ನೋಡಿ ದಾಖಲೆ ಇಡಬೇಕು. ಕಟ್ಟಡ ಮುಗಿದ ಅಥವಾ ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ನೀರು, ಕರೆಂಟು ಕೊಡಬಾರದು. ನಮ್ಮಲ್ಲಿ ಜನರ ಕಿವಿಗೆ ಬಿದ್ದದ್ದು ಕೊನೇ ಮಾತು ಮಾತ್ರ. ಸಣ್ಣ ಮನೆಯವರು ಮೀಟರಿಗಾಗಿ ಓಡಾಡಿದರು. ಮೊದಲೆರಡು ಮಾತು ನಡೆದಿದ್ದರೆ ಅವರಲ್ಲಿ ಎಷ್ಟೋ ಜನರಿಗೆ ಈ ಪೇಚು ಬರುತ್ತಿರಲಿಲ್ಲ.

ಪ್ರಮಾಣಪತ್ರ ಸುಮ್ನೆ ಕಾಗದ ಅಲ್ಲ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದ ಕಟ್ಟಡದಲ್ಲಿ ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿ ತೆರೆದಿದ್ದವು. 19 ಜನ ಸತ್ತರು. ಅದಕ್ಕೇ ಇರೋ ನಾಲ್ಕು ಜನ ಸಿಬ್ಬಂದಿಯನ್ನು ಎಲ್ಲ ಕಡೆ ಹರಡಬೇಡಿ ಅಂತೀನಿ. ಬಾಲ್ಕನಿ ಅರ್ಧ ಅಡಿ ಮುಂದೆ ಬಂದದ್ದು ಕಾಯಲಿ. ಸಪ್ತಾಪುರದ ಕಡೆ ಕೋಚಿಂಗ್ ಹುಡುಗರಿಗಾಗಿ ಮನೆಯನ್ನೇ ಪಿಜಿ ಮಾಡಿ, ಪಾರ್ಕಿಂಗ್ ಜಾಗದಲ್ಲಿ ಮೆಸ್ ಇಟ್ಟು, ಒಂದೇ ಮೆಟ್ಟಿಲು ಬಿಟ್ಟವರ ಕಡೆ ಮೊದಲು ಹೋಗಿ.

ದಂಡ ಕಟ್ಟಿದರೆ ಸಕ್ರಮ ಆಯ್ತು ಅನ್ನೋ ನಂಬಿಕೆಯೂ ಜಾಸ್ತಿ. ಅಕ್ರಮ ಕಟ್ಟಡಕ್ಕೆ ಆಸ್ತಿ ತೆರಿಗೆಯ ಎರಡು ಪಟ್ಟು ದಂಡ ಹಾಕಬಹುದು, ಆದರೆ ಅದು ಸಕ್ರಮ ಅಲ್ಲ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ ಸಕ್ರಮ ಮಾಡುವ ಸರ್ಕಾರದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ.

ನಾನು ಕೇಳೋದು ಸಣ್ಣ ಬದಲಾವಣೆ. ಪರವಾನಗಿ ಕೊಟ್ಟ ದಿನವೇ ಜೆಇ ಡೈರಿಯಲ್ಲಿ ಪ್ಲಿಂತ್ ನೋಡುವ ತಾರೀಖು ಬೀಳಲಿ. ಆ ಫೋಟೋ ಫೈಲಿಗೆ ಸೇರದೆ ಮುಂದಿನ ಯಾವ ಕಾಗದಕ್ಕೂ ಸಹಿ ಬೇಡ. ಹುಬ್ಬಳ್ಳಿ-ಧಾರವಾಡ ಪಾಲಿಕೆ ಒಡೆದು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರಲ್ಲಿ ಸಚಿವ ಸಂಪುಟ ಒಪ್ಪಿದೆ, ಬರಲಿ. ಬೋರ್ಡು ಎರಡಾದರೆ ಜೆಇ ಎರಡಾಗಲ್ಲ ಅನ್ನೋದು ನೆನಪಿರಲಿ. ಪಕ್ಕದ ಮನೆಯವರೂ ಸ್ಲ್ಯಾಬ್ ಬರೋ ತನಕ ಕಾಯಬೇಡಿ. ಪಾಯ ತೋಡುವಾಗಲೇ ತಾರೀಖು ಹಾಕಿ ದೂರು ಕೊಡಿ, ಸ್ವೀಕೃತಿ ಇಸಕೊಳ್ಳಿ.

ನಿವೃತ್ತಿಗೆ ಸ್ವಲ್ಪ ಮುಂಚೆ ಕೇಶ್ವಾಪುರದಲ್ಲಿ ಇಂಥದೇ ಒಂದು ದೂರು ಬಂತು. ಹೊಸ ಜೆಇ ಹುಡುಗಿ ಮರುದಿನ ಬೆಳಿಗ್ಗೆಯೇ ಹೋದಳು. ಸುಣ್ಣದ ಗೆರೆ ಇನ್ನೂ ಹಸಿ ಇತ್ತು. ಗೂಟ ಕಿತ್ತು, ದಾರ ಎರಡು ಅಡಿ ಒಳಗೆ ಸರಿಸಿ, ಮತ್ತೆ ಗೆರೆ ಹಾಕಿಸಿದಳು. ಅಲ್ಲೇ ಚಹಾ ಕುಡಿದು ಹತ್ತೂವರೆಗೆ ಕಚೇರಿಗೆ ಬಂದಳು.